ಫೈಲಿನ ದಾರಿ ಬದಲಿಸಲು ಬಾಗಿಲಿರಲಿ, ಚಿಲಕವೂ ಇರಲಿ

ಲಿನಕ್ಸಿಗೆ ಪ್ರೋಗ್ರಾಮ್ ಬರೆಯುವ ಗೆಳೆಯರಲ್ಲಿ ಒಂದು ವಿನಂತಿ. ನಿಮ್ಮ ಪ್ರೋಗ್ರಾಮು ಸಿಸ್ಟಮ್ ಫೋಲ್ಡರಿನ ಯಾವುದಾದರೂ ಫೈಲನ್ನು ಓದುತ್ತಿದ್ದರೆ, ಆ ಫೈಲಿನ ವಿಳಾಸವನ್ನು ಕೋಡಿನೊಳಗೆ ಶಿಲಾಶಾಸನ ಮಾಡಿಬಿಡಬೇಡಿ. ಟೆಸ್ಟ್ ಮಾಡುವವರು ಒಂದು ಎನ್ವಿರಾನ್ಮೆಂಟ್ ವೇರಿಯಬಲ್ ಕೊಟ್ಟು ಅದನ್ನು ಬದಲಿಸುವಂತಿರಲಿ.

ಯಾಕೆ ಅಂತೀರಾ? ನಮ್ಮ ಕನ್ನಡದ್ದೇ ಉದಾಹರಣೆ ನೋಡಿ. ಲಿನಕ್ಸಿನ ಜಿಲಿಬ್‌ಸಿ ಲೈಬ್ರರಿಯಲ್ಲಿ ಕನ್ನಡ ಲೊಕೇಲ್ ಇದೆ. ವಾರ-ತಿಂಗಳುಗಳ ಹೆಸರು, ದಿನಾಂಕ ಬರೆಯುವ ಕ್ರಮ ಎಲ್ಲಾ ಅದರಲ್ಲೇ. ಭಾನುವಾರ ಇರಬೇಕೋ, ಧಾರವಾಡದ ಕಡೆಯವರ ಹಾಗೆ ರವಿವಾರ ಇರಬೇಕೋ ಅಂತ ಒಂದು ಪದ ಬದಲಿಸಿ ನೋಡಬೇಕು ಅನ್ನಿ. ಅದಕ್ಕೆ ರೂಟ್ ಆಗಿ ಸಿಸ್ಟಮ್ಮಿನ ಲೊಕೇಲಿಗೇ ಕೈ ಹಾಕಬೇಕಾಗಿಲ್ಲ. ಬದಲಿಸಿದ ಫೈಲನ್ನು ಲೊಕೇಲ್‌ಡೆಫ್ ಕಮಾಂಡಿನಿಂದ ನಿಮ್ಮ ಹೋಮ್ ಫೋಲ್ಡರಿನಲ್ಲೇ ಕಂಪೈಲ್ ಮಾಡಿ. ಲೋಕ್‌ಪಾತ್ ಅನ್ನೋ ವೇರಿಯಬಲ್ಲಿಗೆ ಆ ಫೋಲ್ಡರಿನ ವಿಳಾಸ ಕೊಟ್ಟು, ಲೊಕೇಲನ್ನು ಕನ್ನಡಕ್ಕೆ ಇಟ್ಟು ಡೇಟ್ ಕಮಾಂಡ್ ಓಡಿಸಿ. ಆ ಒಂದು ಸಲಕ್ಕೆ ಮಾತ್ರ ಹೊಸ ಪದ, ಸಿಸ್ಟಮ್ ಇದ್ದ ಹಾಗೇ ಇರುತ್ತದೆ!

ಕಾಲೇಜು ಲ್ಯಾಬಿನಲ್ಲಿ ಕೂತ ಹುಡುಗಿಗೆ ರೂಟ್ ಪಾಸ್‌ವರ್ಡ್ ಯಾರು ಕೊಡುತ್ತಾರೆ ಹೇಳಿ? ಈ ಬಾಗಿಲು ಇಲ್ಲದಿದ್ದರೆ ಅವಳ ತಿದ್ದುಪಡಿ ಶುರುವಾಗುವ ಮೊದಲೇ ನಿಲ್ಲುತ್ತಿತ್ತು. ಟೈಮ್‌ಜೋನ್ ಫೈಲುಗಳಿಗೂ ಇಂಥದ್ದೊಂದು ವೇರಿಯಬಲ್ ಇದೆ. ಗಿಟ್ ಕೂಡ 2021ರಲ್ಲಿ, 2.32ನೇ ಆವೃತ್ತಿಯಲ್ಲಿ, ತನ್ನ ಸಿಸ್ಟಮ್ ಕಾನ್ಫಿಗ್ ಫೈಲಿಗೆ ಈ ಸೌಲಭ್ಯ ಕೊಟ್ಟಿತು.

"ಕಂಟೇನರ್ ಇದೆಯಲ್ಲ ಮಾರಾಯ್ರೆ" ಅನ್ನುವವರಿದ್ದಾರೆ. ಇದೆ, ಒಳ್ಳೆಯದೇ. ಆದರೆ ಒಂದು ಪದ ನೋಡಲು ಇಡೀ ಸಿಸ್ಟಮ್ಮಿನ ಇನ್ನೊಂದು ಪ್ರತಿ ಕಟ್ಟುವುದು ಅತಿಯಾಯಿತು.

ಇನ್ನೊಂದು ಆಕ್ಷೇಪಕ್ಕೆ ಮಾತ್ರ ತಲೆಬಾಗಲೇಬೇಕು. ಅದು ಸುರಕ್ಷತೆ. ಯಾರು ಓಡಿಸಿದರೂ ರೂಟ್ ಅಧಿಕಾರದಲ್ಲಿ ಓಡುವ ಸೆಟ್‌ಯುಐಡಿ ಪ್ರೋಗ್ರಾಮುಗಳಿವೆಯಲ್ಲ, ಅವುಗಳಿಗೆ ಲೋಕ್‌ಪಾತ್‌ನಂಥ ವೇರಿಯಬಲ್ಲುಗಳು ತಲುಪದಂತೆ ಜಿಲಿಬ್‌ಸಿ ಮೊದಲೇ ಕಿತ್ತುಹಾಕುತ್ತದೆ. 2022ರ ಜನವರಿಯಲ್ಲಿ ಬಯಲಾದ ಪಿಕೆಎಕ್ಸೆಕ್ ದೋಷ ನೆನಪಿದೆಯಾ? ಹಾಗೆ ಕಿತ್ತುಹಾಕಿದ ವೇರಿಯಬಲ್ಲನ್ನು ಹಿಂಬಾಗಿಲಿನಿಂದ ಮತ್ತೆ ಒಳಗೆ ತರಲು ಅದರಲ್ಲಿ ದಾರಿಯಿತ್ತು. ಜಿಕಾನ್ವ್‌ಪಾತ್ ಅನ್ನೋ ವೇರಿಯಬಲ್ಲಿನಲ್ಲಿ ತಮ್ಮ ಫೋಲ್ಡರ್ ತೋರಿಸಿದರೆ, ಅಲ್ಲಿಟ್ಟ ಕೋಡು ರೂಟ್ ಆಗಿ ಓಡುತ್ತಿತ್ತು. 2009ರಿಂದ ಅಲ್ಲೇ ಇದ್ದ ದೋಷ ಅದು!

ಹಾಗಂತ ಬಾಗಿಲನ್ನೇ ಮುಚ್ಚಬೇಕಿಲ್ಲ, ಚಿಲಕ ಹಾಕಿದರಾಯಿತು. ಜಿಲಿಬ್‌ಸಿಯಲ್ಲಿ ಸೆಕ್ಯೂರ್_ಗೆಟೆನ್ವ್ ಅಂತ ಫಂಕ್ಷನ್ ಇದೆ, ಪ್ರೋಗ್ರಾಮು ಹೆಚ್ಚಿನ ಅಧಿಕಾರದಲ್ಲಿ ಓಡುತ್ತಿದ್ದರೆ ಅದು ವೇರಿಯಬಲ್ ಇಲ್ಲವೇ ಇಲ್ಲ ಅಂದುಬಿಡುತ್ತದೆ. ಅದನ್ನೇ ಬಳಸಿ. ವೇರಿಯಬಲ್ಲಿನ ಹೆಸರು ನಿಮ್ಮ ಪ್ರೋಗ್ರಾಮಿನ ಹೆಸರಿನಿಂದಲೇ ಶುರುವಾಗಲಿ, ಬೇರೆಯವರದಕ್ಕೆ ತಾಗುವುದಿಲ್ಲ. ಮತ್ತೆ, ಮ್ಯಾನ್ ಪೇಜಿನಲ್ಲಿ ಒಂದು ಸಾಲು ಬರೆದಿಡಿ. ಬಾಗಿಲು ಇದೆ ಅಂತ ಗೊತ್ತಿಲ್ಲದವರಿಗೆ ಅದು ಗೋಡೆಯೇ ಅಲ್ಲವೇ?