ಲೆಕ್ಕ ಒಂದು, ಪುಸ್ತಕ ಮೂರು

ಅಂಗಡಿಯ ಲೆಕ್ಕ ಬರೆದು ಬಲ್ಲವರಿಗೆ ಒಂದು ಮಾತು ಚೆನ್ನಾಗಿ ಗೊತ್ತು. ಕಿರ್ದಿಯಲ್ಲಿ ಬರೆದುದು ಖತಾವಣಿಗೆ ಏರದೆ ಹೋದರೆ ಎರಡು ಪುಸ್ತಕಗಳಲ್ಲಿ ಒಂದು ಸುಳ್ಳು ಹೇಳತೊಡಗುತ್ತದೆ. ಯಾವುದು ಸುಳ್ಳೆಂಬುದನ್ನು ಮಾತ್ರ ಎರಡೂ ಬಾಯಿಬಿಡುವುದಿಲ್ಲ. ಈ ಹಳೆಯ ತೊಡಕು ನಮ್ಮ ಅಂಗೈಯ ಮೇಲಿನ ಗಾಜಿನ ಪರದೆಗೂ ಬಂದು ಸೇರಿದೆಯೆಂದರೆ ವಾಚಕರು ನಕ್ಕಾರು. ಜಾಲಪುಟಗಳನ್ನು ಕಟ್ಟುವವರ ಪಾಲಿಗೆ ಅದು ನಗುವ ಮಾತಾಗಿ ಉಳಿದಿಲ್ಲ.

ಫೇಸ್‌ಬುಕ್ಕಿನ ಕಥೆಯನ್ನೇ ನೋಡಿರಿ. ಪುಟದ ನೆತ್ತಿಯ ಮೇಲೆ, ಓದದ ಸಂದೇಶವೊಂದು ಇದೆಯೆಂದು ಸಾರುವ ಅಂಕಿ ಮೂಡುತ್ತಿತ್ತು. ಯಾರು ಬರೆದರೋ ಎಂದು ಆತುರದಿಂದ ಒತ್ತಿ ನೋಡಿದರೆ ಹೊಸ ಸಂದೇಶವೇ ಇಲ್ಲ! ದೋಷವನ್ನು ತಿದ್ದಿದರು, ಕೆಲಕಾಲ ಸುಮ್ಮನಿದ್ದು ಅದು ಮತ್ತೆ ತಲೆಯೆತ್ತಿತು. ಮತ್ತೆ ತಿದ್ದಿದರು, ಮತ್ತೆ ಬಂದಿತು. 2014ರಲ್ಲಿ ಆ ಸಂಸ್ಥೆಯ ಎಂಜಿನಿಯರರೇ ತುಂಬಿದ ಸಭೆಯಲ್ಲಿ ಇದನ್ನು ವಿವರಿಸಿದರು.

ಕಾರಣವೇನು? ಒಂದೇ ಸುದ್ದಿಯನ್ನು ಪುಟದ ಮೂರು ಭಾಗಗಳು ತೋರಿಸಬೇಕಾಗಿತ್ತು: ಮೇಲಿನ ಅಂಕಿ, ಕೆಳಗಿನ ಹರಟೆಯ ಕಿಟಕಿ, ಸಂದೇಶಗಳ ದೊಡ್ಡ ಪುಟ. ಇಂಥ ಕಡೆ ಸಂದೇಶ ಬಂದಾಗ, ಓದಿದಾಗ, ಅಳಿಸಿದಾಗ, ಬೇರೊಂದು ಯಂತ್ರದಲ್ಲಿ ಓದಿದಾಗ, ಹೀಗೆ ನಾಲ್ಕು ಸಂದರ್ಭಗಳಲ್ಲಿ ಮೂರು ಭಾಗಗಳಿಗೂ ಬೇರೆಬೇರೆಯಾಗಿ ತಿಳಿಸಹೊರಟರೆ 12 ಅಪ್ಪಣೆಗಳಾದವು. ಇನ್ನೊಂದು ಭಾಗ ಸೇರಿದರೆ 16. ಇವುಗಳಲ್ಲಿ ಒಂದನ್ನು ಮರೆತರೂ ಸಾಕು, ಪರದೆ ಸುಳ್ಳಾಡುತ್ತದೆ.

ತೊಡಕು ಜಾಲಪುಟಗಳಿಗಿಂತ ಹಳೆಯದು. 1979ರಲ್ಲಿ ಅಮೆರಿಕದ ಜೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರಕ್ಕೆ ಅತಿಥಿಯಾಗಿ ಬಂದಿದ್ದ ನಾರ್ವೆಯ ಟ್ರಿಗ್ವೆ ರೀನ್‌ಸ್ಕೌಗ್ ಎಂಬವರು, ಕಾರ್ಯಕ್ರಮವನ್ನು ಮಾದರಿ, ನೋಟ, ನಿಯಂತ್ರಕ ಎಂದು ಮೂರಾಗಿ ವಿಂಗಡಿಸುವ ಪದ್ಧತಿಯನ್ನು ರೂಪಿಸಿದರು. ನಿಜವಾದ ಮಾಹಿತಿ ಮಾದರಿಯಲ್ಲಿರಬೇಕು; ನೋಟವು ಅದನ್ನು ಕೇಳಿ ತಿಳಿದು ತೋರಿಸಬೇಕು.

ಜಾಲಪುಟಗಳ ಅವಸರದಲ್ಲಿ ಈ ವಿವೇಕ ಹಿಂದೆ ಬಿದ್ದಿತು. 2006ರಲ್ಲಿ ಬಂದ ಜೆಕ್ವೆರಿ, ಪುಟದ ಯಾವ ಮೂಲೆಯನ್ನಾದರೂ ಮುಟ್ಟಿ ತಿದ್ದುವುದನ್ನು ಸುಲಭಗೊಳಿಸಿತು. ತಿದ್ದುವ ಕೈಗಳೂ ಹೆಚ್ಚಿದವು. 2010ರಲ್ಲಿ ಹೊರಬಂದ ಆಂಗ್ಯುಲರ್‌ಜೆಎಸ್ ಮಾಹಿತಿಗೂ ಪರದೆಗೂ ಇಬ್ಬದಿಯ ನಂಟು ಹಾಕಿತು. ಯಾವುದು ಬದಲಾದರೂ ಇನ್ನೊಂದು ತಾನಾಗಿ ಬದಲಾಗುವುದು ಸೊಗಸೇ ಸರಿ. ಆದರೆ ಒಂದು ಬದಲಾವಣೆ ಮತ್ತೊಂದನ್ನು ಎಬ್ಬಿಸಿ, ಅದು ಮೊದಲನೆಯದನ್ನೇ ಕೆಣಕುವುದೂ ಉಂಟು. ಆದುದರಿಂದಲೇ 10 ಸುತ್ತು ತಿರುಗಿದರೂ ಶಾಂತವಾಗದಿದ್ದರೆ ತಪ್ಪೆಂದು ಸಾರಿ ನಿಂತುಬಿಡುವ ಏರ್ಪಾಡನ್ನು ಅದರಲ್ಲಿ ಮಾಡಿದ್ದರು.

2013ರ ಮೇ ತಿಂಗಳಲ್ಲಿ ಫೇಸ್‌ಬುಕ್, ತನ್ನ ಎಂಜಿನಿಯರ್ ಜೋರ್ಡನ್ ವಾಕ್ ರಚಿಸಿದ ರಿಯಾಕ್ಟ್ ಎಂಬ ಸಾಧನವನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಅದರ ಉಪಾಯ ಸರಳ. ಪರದೆಯನ್ನು ಅಲ್ಲಲ್ಲಿ ತೇಪೆ ಹಾಕಬೇಡಿ. ಮಾಹಿತಿ ಹೀಗಿದ್ದರೆ ಪರದೆ ಹೀಗಿರಬೇಕೆಂದು ಬರೆದಿಡಿ. ಮಾಹಿತಿ ಬದಲಾದೊಡನೆ ಆ ಚಿತ್ರವನ್ನು ಹೊಸದಾಗಿ ರಚಿಸಿ, ಹಳೆಯದರೊಡನೆ ಹೋಲಿಸಿ, ವ್ಯತ್ಯಾಸವಾದಷ್ಟನ್ನೇ ಯಂತ್ರ ತಿದ್ದುತ್ತದೆ. ಇದಕ್ಕೆ ಜೊತೆಯಾಗಿ, ಮಾಹಿತಿ ಒಂದೇ ದಿಕ್ಕಿನಲ್ಲಿ ಹರಿಯಬೇಕೆಂಬ ‘ಫ್ಲಕ್ಸ್’ ಪದ್ಧತಿಯನ್ನು 2014ರ ಆ ಸಭೆಯಲ್ಲಿಯೇ ಸಾರಿದರು.

ಹಾಗೆಂದು ಸಾಧನ ಕೈಗೆ ಬಂದ ಮಾತ್ರಕ್ಕೆ ಲೆಕ್ಕ ಸರಿಹೋಗುವುದೆ? ಎಣಿಸಿ ತಿಳಿಯಬಹುದಾದುದನ್ನು ಬೇರೆ ಬರೆದಿಡಬಾರದೆಂಬ ಶಿಸ್ತು ಬರೆಯುವವನಲ್ಲಿ ಇರಬೇಕು. ಪ್ರತಿ ಸಂದೇಶಕ್ಕೂ ಓದಿದೆ, ಓದಿಲ್ಲ ಎಂಬ ಗುರುತಿದ್ದರೆ, ಓದದವು ಎಷ್ಟೆಂಬುದನ್ನು ಬೇಕಾದಾಗ ಎಣಿಸಿಕೊಳ್ಳಬಹುದು. ಅದನ್ನೇ ಇನ್ನೊಂದೆಡೆ ಅಂಕಿಯಾಗಿ ಬರೆದಿಟ್ಟೆವೋ, ಮೂರು ಪುಸ್ತಕಗಳ ಜಗಳ ಮತ್ತೆ ಮೊದಲಾಯಿತು.

ಇಷ್ಟೆಲ್ಲ ನಿಷ್ಠುರವೇಕೆಂದು ಕೇಳಬಹುದು. ಹರಟೆಯ ಸಂದೇಶವಾದರೆ ನಷ್ಟ ಅರೆಕ್ಷಣದ ನಿರಾಸೆಯಷ್ಟೆ. ಹಣ ಕಟ್ಟುವ ಪುಟವಾದರೆ? ದೂರದ ಸರ್ವರ್‌ನಲ್ಲಿ ಹಣ ಸಂದಾಯವಾಗಿದೆ. ಕೈಯಲ್ಲಿರುವ ಪರದೆ ಇನ್ನೂ ‘ಬಾಕಿ’ ಎನ್ನುತ್ತಿದೆ. ಗಾಬರಿಗೊಂಡ ಬಡಪಾಯಿ ಎರಡನೆಯ ಸಲ ಹಣ ಕಟ್ಟುತ್ತಾನೆ. ಇದಕ್ಕೆ ವಿರುದ್ಧವಾಗಿ, ಉತ್ತರ ಬರುವ ಮೊದಲೇ ‘ಆಯಿತು’ ಎಂದು ತೋರಿಸಿಬಿಡುವ ಚುರುಕುತನವೂ ಬಳಕೆಯಲ್ಲಿದೆ. ಮೆಚ್ಚುಗೆಯ ಗುಂಡಿಗೆ ಅದು ಸಲ್ಲುತ್ತದೆ, ಕೆಲಸ ಕೆಟ್ಟರೆ ಹಿಂದಕ್ಕೆ ಪಡೆಯುವ ಏರ್ಪಾಡು ಇದ್ದರೆ. ಹಣದ ವಿಷಯದಲ್ಲಿ ‘ಇನ್ನೂ ವಿಚಾರಿಸುತ್ತಿದ್ದೇನೆ, ತಾಳಿರಿ’ ಎನ್ನುವುದೇ ಮರ್ಯಾದೆ.

ಪರದೆಯನ್ನು ನಂಬಿದವರಿಗೆ ಅದರ ಹಿಂದಿನ ಪುಸ್ತಕ ಕಾಣುವುದಿಲ್ಲ. ಆದುದರಿಂದ ಪುಸ್ತಕ ಒಂದೇ ಇರಲಿ. ಪರದೆ ಒಳ್ಳೆಯ ಗುಮಾಸ್ತನಂತೆ ಅದನ್ನು ನೋಡಿ ಓದಲಿ, ನೆನಪಿನಿಂದ ಒಪ್ಪಿಸುವುದು ಬೇಡ.