ಮೊಬೈಲಿನ ತಾಳ, ಕೋಲಾಟದ ತಾಳ

ಮಕ್ಕಳೇ, ಮನೆಯಲ್ಲಿ ದೊಡ್ಡವರ ಮೊಬೈಲ್ ಕೈಗೆ ಸಿಕ್ಕರೆ ನಿಮ್ಮಲ್ಲಿ ಹಲವರು ಮೊದಲು ಹುಡುಕುವುದು ಆಟವನ್ನೇ ಅಲ್ಲವೇ? ಅವುಗಳಲ್ಲಿ ಒಂದು ಬಗೆ ತಾಳದ ಆಟ. ಹಾಡು ಬರುತ್ತಿರುತ್ತದೆ, ಮೇಲಿನಿಂದ ಕಪ್ಪು ಪಟ್ಟಿಗಳು ಇಳಿಯುತ್ತಿರುತ್ತವೆ. ಸರಿಯಾದ ಹೊತ್ತಿಗೆ ಪಟ್ಟಿಯ ಮೇಲೆ ಬೆರಳು ಬೀಳಬೇಕು. ತಪ್ಪಿದರೆ ಆಟ ಮುಗಿಯಿತು. 2014ರಲ್ಲಿ ‘ಪಿಯಾನೋ ಟೈಲ್ಸ್’ ಎಂಬ ಆಟ ಬಂದ ಮೇಲೆ ಇದೇ ಮಾದರಿಯ ಆಟಗಳು ಹಲವು ಬಂದವು. ‘ಬರೀ ಕಾಲಹರಣ’ ಎಂದು ಮನೆಯವರು ಬೈಯುತ್ತಾರೆ. ‘ಇದರಿಂದ ತಾಳ ಕಲಿಯಬಹುದು’ ಎಂದು ನೀವು ವಾದಿಸುತ್ತೀರಿ. ಯಾರ ಮಾತು ಸರಿ?

ಮೊದಲು ಒಂದು ಪ್ರಯೋಗ ಮಾಡಿ. ನಿಮ್ಮ ಗೆಳತಿ ಬೆನ್ನ ಹಿಂದೆ ನಿಂತು, ಮುನ್ಸೂಚನೆ ಕೊಡದೆ ಒಮ್ಮೆ ಚಪ್ಪಾಳೆ ತಟ್ಟಲಿ. ಕೇಳಿದ ಕೂಡಲೇ ನೀವು ಮೇಜು ಬಡಿಯಿರಿ. ಎಷ್ಟೇ ಚುರುಕಾಗಿದ್ದರೂ ನಿಮ್ಮ ಬಡಿತ ಚಪ್ಪಾಳೆಗಿಂತ ಹಿಂದೆಯೇ ಬೀಳುತ್ತದೆ. ಶಬ್ದ ಕಿವಿಗೆ ಬಿದ್ದು, ಮಿದುಳಿಗೆ ಸುದ್ದಿ ಹೋಗಿ, ಅಲ್ಲಿಂದ ಕೈಗೆ ಅಪ್ಪಣೆ ಬರಲು ಸೆಕೆಂಡಿನ ಐದನೇ ಒಂದು ಭಾಗದ ಆಸುಪಾಸು ಹೊತ್ತು ಬೇಕು. ಈಗ ಅವಳು ಗಡಿಯಾರದಂತೆ ಒಂದೇ ಸಮನೆ ತಟ್ಟುತ್ತಾ ಹೋಗಲಿ. ನಾಲ್ಕೈದು ಚಪ್ಪಾಳೆಯಾಗುವಷ್ಟರಲ್ಲಿ ನಿಮ್ಮ ಬಡಿತವೂ ಅದರ ಜೊತೆಗೇ ಬೀಳತೊಡಗುತ್ತದೆ. ಕೆಲವೊಮ್ಮೆ ಕೂದಲೆಳೆಯಷ್ಟು ಮುಂಚೆಯೇ! ನಿಮ್ಮ ನರಗಳ ವೇಗವೇನೂ ಹೆಚ್ಚಲಿಲ್ಲ. ಮುಂದಿನ ಚಪ್ಪಾಳೆ ಯಾವಾಗ ಎಂದು ಮಿದುಳು ಅಂದಾಜು ಮಾಡಿ, ಕೈಗೆ ಮೊದಲೇ ಹೇಳಿಬಿಟ್ಟಿತು. ತಾಳ ಹಿಡಿಯುವುದೆಂದರೆ ಈ ಅಂದಾಜೇ.

ಮೊಬೈಲಿನ ಆಟದ ಒಳ್ಳೆಯ ಗುಣವೂ ಇಲ್ಲೇ ಇದೆ. ನಿಮ್ಮ ಅಂದಾಜು ಸರಿಯೋ ತಪ್ಪೋ ಎಂದು ಅದು ಆ ಕ್ಷಣವೇ ಹೇಳುತ್ತದೆ. ನೂರು ಸಲ ತಪ್ಪಿದರೂ ಮತ್ತೆ ಅದೇ ಹಾಡು ಹಾಕುತ್ತದೆ. ಅಷ್ಟು ತಾಳ್ಮೆ ಯಾವ ಮೇಷ್ಟ್ರಿಗಿದೆ! ಕಾಲಿನಿಂದ ಆಡುವ ‘ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್’ ಎಂಬ ಆಟ 1998ರಲ್ಲಿ ಜಪಾನಿನಲ್ಲಿ ಬಂತು. ತೆರೆಯ ಮೇಲೆ ಬಾಣ ಕಂಡಂತೆ ನೆಲದ ಮೇಲಿನ ಬಾಣಗಳನ್ನು ತುಳಿಯಬೇಕು. ಚೆನ್ನಾಗಿ ಬೆವರು ಸುರಿಯುತ್ತದೆ. ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದವರು 2006ರಲ್ಲಿ ಅದನ್ನು ಶಾಲೆಗಳ ವ್ಯಾಯಾಮದ ಅವಧಿಗೇ ತರಲು ತೀರ್ಮಾನಿಸಿದರು. ಆದ್ದರಿಂದ ಬರೀ ಕಾಲಹರಣ ಎನ್ನುವುದು ಸರಿಯಲ್ಲ.

ಆದರೆ ಒಂದು ಪರೀಕ್ಷೆ ಮಾಡಿ. ಮೊಬೈಲಿನ ಶಬ್ದ ಪೂರ್ತಿ ನಿಲ್ಲಿಸಿ ಅದೇ ಹಾಡನ್ನು ಆಡಿ. ಅಂಕ ಹೆಚ್ಚೇನೂ ಕಡಿಮೆಯಾಗದಿದ್ದರೆ ಇಷ್ಟು ದಿನ ನೀವು ಕಣ್ಣಿನಿಂದ ಆಡುತ್ತಿದ್ದಿರಿ, ಕಿವಿಗೆ ಅಲ್ಲಿ ಕೆಲಸವೇ ಇರಲಿಲ್ಲ! ‘ಪಿಯಾನೋ ಟೈಲ್ಸ್’ನ ಮೊದಲ ಬಗೆಯ ಆಟದಲ್ಲಂತೂ ಬೆರಳು ತಾಗಿದಾಗಲೇ ಸ್ವರ ಹೊರಡುತ್ತದೆ. ಬೇಗ ಮುಗಿಸಿದವರೇ ಜಾಣರು. ತಾಳ ಕೆಟ್ಟರೂ ಅಲ್ಲಿ ಕೇಳುವವರಿಲ್ಲ.

ತಂತಿಯಿಲ್ಲದ ಇಯರ್‌ಫೋನ್ ಹಾಕಿಕೊಂಡರೆ ಇನ್ನೊಂದು ತೊಡಕು. ಅದರಲ್ಲಿ ಶಬ್ದ ಸೆಕೆಂಡಿನ ಐದನೇ ಒಂದು ಭಾಗದಷ್ಟು ತಡವಾಗಿ ಕೇಳಿಸುವುದುಂಟು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಲೆಕ್ಕ ಹಾಕಿ: ತಮಟೆಯವನು 68 ಮೀಟರ್ ಆಚೆ ನಿಂತು ಬಾರಿಸಿದಂತಾಯಿತು! ಕೋಲಾಟದ ವೃತ್ತದಲ್ಲಿ ಎದುರಿನವರು ಏಳು ಮೀಟರ್ ದೂರವಿದ್ದರೂ ಅವರ ಕೋಲಿನ ಶಬ್ದ ಸೆಕೆಂಡಿನ ಐವತ್ತನೇ ಒಂದು ಭಾಗದಲ್ಲಿ ನಿಮ್ಮನ್ನು ಮುಟ್ಟುತ್ತದೆ.

ಇವೆಲ್ಲ ಸಣ್ಣ ದೋಷಗಳು. ನನ್ನ ದೊಡ್ಡ ತಕರಾರು ಬೇರೆ ಇದೆ. ನೀವು ಆಟದ ಹಾಡನ್ನು ಕೇಳುತ್ತೀರಿ, ಅದು ನಿಮ್ಮನ್ನು ಕೇಳಿಸಿಕೊಳ್ಳುವುದಿಲ್ಲ.

ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆಯ ಹಬ್ಬಗಳಲ್ಲಿ ಪೂಜಾ ಕುಣಿತ ನೋಡಿರುತ್ತೀರಿ. ಬಿದಿರಿನ ಚೌಕಟ್ಟಿಗೆ ಸೀರೆ ಸುತ್ತಿ, ದೇವಿಯ ಮುಖ ಕಟ್ಟಿದ ಪೂಜೆಯನ್ನು ತಲೆಯ ಮೇಲೆ ಹೊತ್ತು ಕುಣಿಯುತ್ತಾರೆ. ಎದುರಿಗೆ ತಮಟೆಯವರು. ಯಾರು ಯಾರನ್ನು ಹಿಂಬಾಲಿಸುತ್ತಾರೆ ಎಂದು ಗಮನಿಸಿ. ತಮಟೆ ಏರಿದರೆ ಹೆಜ್ಜೆ ಏರುತ್ತದೆ. ಕುಣಿಯುವವರು ದಣಿದರೆ ತಮಟೆಯವರು ಅವರ ಕಾಲು ನೋಡಿ ವೇಗ ಇಳಿಸುತ್ತಾರೆ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಮಠವಿದೆ. ಮಂಟೇಸ್ವಾಮಿ ಕಥೆ ಹಾಡುವ ನೀಲಗಾರರು ತಂಬೂರಿ, ಗಗ್ಗರ, ಡಕ್ಕೆಗಳೊಂದಿಗೆ ಹಾಡುತ್ತಾರೆ, ನಡುವೆ ಹಾಡು ನಿಲ್ಲಿಸಿ ಮಾತಿನಲ್ಲಿ ಕಥೆ ಹೇಳುತ್ತಾರೆ. ಮತ್ತೆ ಹಾಡು ಎತ್ತಿಕೊಂಡಾಗ ಹಿಮ್ಮೇಳದವರು ತಡವರಿಸದೆ ಕೂಡಿಕೊಳ್ಳುತ್ತಾರೆ. ಅವರಿಗೆ ಯಾವ ಪಟ್ಟಿ ಇಳಿದುಬರುತ್ತದೆ ಹೇಳಿ?

ಕೋಲಾಟವೂ ಹೀಗೆಯೇ. ನೀವು ತಡಮಾಡಿದರೆ ಜೊತೆಯವಳು ಕೋಲನ್ನು ಒಂದು ಕ್ಷಣ ಹಿಡಿದು ಕಾಯುತ್ತಾಳೆ. ತೀರಾ ತಪ್ಪಿದರೆ ಬೆರಳ ಗೆಣ್ಣಿಗೆ ಏಟು! ಕಾಯುವುದು, ಕಾಯಿಸದಿರುವುದು, ತಪ್ಪಿದವರನ್ನು ಮತ್ತೆ ತಾಳಕ್ಕೆ ಎಳೆದುಕೊಳ್ಳುವುದು ಮೊಬೈಲಿನಲ್ಲಿ ಬರುವುದಿಲ್ಲ.

ಹಾಗಾಗಿ ತಾಳದ ಆಟವನ್ನು ಹೋಂವರ್ಕ್ ಮುಗಿದ ಮೇಲೆ ಹತ್ತು ನಿಮಿಷ ಆಡಿದರೆ ನನ್ನ ಅಡ್ಡಿಯಿಲ್ಲ. ನನಗೆ ಅಡ್ಡಿಯಿರುವುದು ಪ್ರತಿಭಾ ಕಾರಂಜಿಯ ಜನಪದ ನೃತ್ಯವನ್ನೂ ಮೊದಲಿನಿಂದ ಕೊನೆಯವರೆಗೆ ಮೊಬೈಲಿನ ಹಾಡಿಗೇ ಅಭ್ಯಾಸ ಮಾಡುವುದಕ್ಕೆ. ಅಚ್ಚಾದ ಹಾಡು ಯಾರಿಗೂ ಕಾಯುವುದಿಲ್ಲ. ಒಬ್ಬಳು ಹೆಜ್ಜೆ ತಪ್ಪಿದರೆ ಹಾಡು ಅವಳನ್ನು ಬಿಟ್ಟು ಮುಂದೆ ಹೋಗುತ್ತದೆ. ವಾರದಲ್ಲಿ ಎರಡು ದಿನವಾದರೂ ಮೊಬೈಲ್ ಬದಿಗಿಡಿ ಎಂದು ನಿಮ್ಮ ಟೀಚರ್‌ಗೆ ಕೇಳಿ. ಇಬ್ಬರು ಹಾಡಲಿ, ಒಬ್ಬರು ಖಾಲಿ ಡಬ್ಬ ಬಡಿಯಲಿ. ಊರಿನಲ್ಲಿ ತಮಟೆ ಬಾರಿಸುವವರಿದ್ದರೆ ಕರೆಯಿರಿ. ಮೊದಲ ದಿನ ಎಲ್ಲರೂ ಸೇರಿ ತಮಗರಿವಿಲ್ಲದೆಯೇ ಓಡತೊಡಗಬಹುದು. ಗಡಿಯಾರ ಹಿಡಿದು ಮೊದಲ ನಿಮಿಷದಲ್ಲಿ ಎಷ್ಟು ಬಡಿತ, ಐದನೇ ನಿಮಿಷದಲ್ಲಿ ಎಷ್ಟು ಎಂದು ಎಣಿಸಿ, ನೋಟ್‌ಬುಕ್ಕಿನಲ್ಲಿ ಬರೆದಿಡಿ. ಎರಡು ವಾರ ಬಿಟ್ಟು ಮತ್ತೆ ಎಣಿಸಿ.