ಗುರುತಿನ ಪರೇಡಿನಲ್ಲಿ ವಕೀಲನಿಗೆ ಸ್ಥಾನವಿರಲಿ

ರೌಡಿಗಳನ್ನು ಠಾಣೆಯ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಪೊಲೀಸ್ ಅಧಿಕಾರಿಗಳು ಎಚ್ಚರಿಕೆ ನೀಡುವ ಪರೇಡಿನ ಚಿತ್ರಗಳನ್ನು ನಾವೆಲ್ಲರೂ ಪತ್ರಿಕೆಗಳಲ್ಲಿ ಕಂಡವರೇ. ಆದರೆ ಪತ್ರಿಕೆಯವರಾಗಲಿ ಬಂಧುಗಳಾಗಲಿ ಕಾಲಿಡಲಾಗದ ಕಾರಾಗೃಹದ ಗೋಡೆಗಳೊಳಗೆ ನಡೆಯುವ ಇನ್ನೊಂದು ಪರೇಡಿದೆ. ಅಲ್ಲಿ ಸಾಕ್ಷಿಯಾದವನು ಒಂದು ಸಾಲಿನ ಮುಂದೆ ನಡೆದುಹೋಗಿ, ಒಬ್ಬನೆದುರು ನಿಂತು, ಅವನ ಭುಜವನ್ನು ಮುಟ್ಟಿ 'ಇವನೇ' ಎಂದು ನುಡಿದನೆಂದರೆ, ಆ ಮನುಷ್ಯನ ಬಾಳಿನ ಅನೇಕ ವರ್ಷಗಳ ಗತಿ ಆ ಒಂದು ಮಾತಿನಿಂದಲೇ ನಿಶ್ಚಿತವಾಗಿಬಿಡುವ ಸಂಭವವುಂಟು. ಭಟ್ಕಳ, ಹೊನ್ನಾವರ, ಕುಮಟಾಗಳಂತಹ, ಪೇಟೆಯಲ್ಲಿ ಎದುರಾದವರೆಲ್ಲರ ಮುಖವೂ ಹೇಗೋ ಪರಿಚಿತವಾಗಿರುವ ಊರುಗಳಲ್ಲಿ ಈ ಪರೇಡು ದಾರಿ ತಪ್ಪುವ ಭಯವು ಮಹಾನಗರಗಳಲ್ಲಿರುವುದಕ್ಕಿಂತ ಅಧಿಕವೆಂದೂ, ಆದುದರಿಂದ ಆರೋಪಿಯ ಪರವಾದ ವಕೀಲನೊಬ್ಬನು ಅಲ್ಲಿ ನಿಂತು ನೋಡುವುದು ಯಾರದೋ ಅನುಗ್ರಹವಾಗಿರದೆ ಹಕ್ಕಾಗಿರಬೇಕೆಂದೂ ನಾನು ದೃಢವಾಗಿ ನಂಬಿದ್ದೇನೆ.

ಫಿರ್ಯಾದಿಗೆ ಅಪರಾಧಿಯ ಹೆಸರು ತಿಳಿಯದೆ ಮುಖ ಮಾತ್ರ ನೆನಪಿನಲ್ಲಿ ಉಳಿದಿರುವ ಸರಗಳ್ಳತನ, ದರೋಡೆ ಮೊದಲಾದ ಪ್ರಕರಣಗಳಲ್ಲಿ ಈ ಪರೇಡು ನಡೆಯುತ್ತದೆ. ನಮ್ಮ ರಾಜ್ಯದಲ್ಲಿ ಅನೇಕ ಬಾರಿ ಇದನ್ನು ನಡೆಸುವವರು ತಾಲ್ಲೂಕು ದಂಡಾಧಿಕಾರಿಗಳೂ ಆಗಿರುವ ತಹಶೀಲ್ದಾರರು. ಆರೋಪಿಯ ವಯಸ್ಸು, ಮೈಕಟ್ಟು, ಬಣ್ಣಗಳನ್ನು ಹೋಲುವ ಹಲವರ ನಡುವೆ ಅವನನ್ನು ನಿಲ್ಲಿಸತಕ್ಕದ್ದು, ತನಗೆ ಬೇಕಾದ ಜಾಗದಲ್ಲಿ ನಿಲ್ಲಲೂ ಅಂಗಿ ಬದಲಿಸಿಕೊಳ್ಳಲೂ ಅವನಿಗೆ ಅವಕಾಶ ಕೊಡತಕ್ಕದ್ದು, ಸಾಕ್ಷಿಗಳನ್ನು ಒಬ್ಬೊಬ್ಬರನ್ನಾಗಿ ಕರೆಯತಕ್ಕದ್ದು, ಪೊಲೀಸರು ಆ ಸ್ಥಳದಿಂದ ಸಂಪೂರ್ಣವಾಗಿ ದೂರವಿರತಕ್ಕದ್ದು ಎಂಬ ಕ್ರಮವು ರೂಢಿಯಿಂದಲೂ ತೀರ್ಪುಗಳಿಂದಲೂ ಏರ್ಪಟ್ಟಿದೆ. ಪೊಲೀಸರು ದೂರವಿರಬೇಕೆಂಬ ಮಾತನ್ನು ಸರ್ವೋಚ್ಚ ನ್ಯಾಯಾಲಯವು ಅತ್ಯಂತ ಸ್ಪಷ್ಟವಾಗಿ ಹೇಳಿದ್ದು 1954ರಲ್ಲಿ, ಬೊಂಬಾಯಿಯ ಬ್ಯಾಂಕು ದರೋಡೆಯೊಂದರ ಮೊಕದ್ದಮೆಯಾದ ರಾಮಕಿಶನ್ ಮಿಠಣಲಾಲ್ ಶರ್ಮಾ ಪ್ರಕರಣದಲ್ಲಿ. ನಮ್ಮ ಈ ಮೂರು ತಾಲ್ಲೂಕುಗಳು ಅಂದು ಅದೇ ಬೊಂಬಾಯಿ ರಾಜ್ಯಕ್ಕೆ ಸೇರಿದ್ದವು.

ಕಾಗದದ ಮೇಲೆ ಇದೆಲ್ಲವೂ ಚೆನ್ನಾಗಿಯೇ ಇದೆ. ಆದರೆ ಸಾಲನ್ನು ಕಟ್ಟುವವರು ಯಾರು, ಅದರಲ್ಲಿ ನಿಲ್ಲುವವರು ಎಂಥವರು ಎಂಬುದನ್ನು ಹತ್ತಿರದಿಂದ ನೋಡಬೇಕು. ಕಾಸರಕೋಡಿನ ಬಂದರದಲ್ಲಿ ಬಲೆಯೆಳೆದು ಬಿಸಿಲಿಗೆ ಕಪ್ಪಿಟ್ಟ ಮೈಯ, ಹಗ್ಗದ ಗಾಯಗಳು ಅಂಗೈಯಲ್ಲಿ ಗಟ್ಟಿಯಾಗಿರುವ ಹುಡುಗನನ್ನು ನೆರಳಿನಲ್ಲಿ ಕುಳಿತು ಕೆಲಸ ಮಾಡುವ ನಾಲ್ಕಾರು ಮಂದಿಯ ನಡುವೆ ನಿಲ್ಲಿಸಿದರೆ, ಅವನನ್ನು ಎಂದೂ ಕಾಣದವರೂ ಅವನತ್ತಲೇ ಬೆರಳು ತೋರಿಸಿಯಾರು. ಭಟ್ಕಳದ ಗಡ್ಡಧಾರಿಯಾದ ನವಾಯತ ಯುವಕನ ಎಡಬಲಗಳಲ್ಲಿ ಗಡ್ಡವಿಲ್ಲದವರನ್ನೇ ನಿಲ್ಲಿಸಿದರೆ, ಅಥವಾ ದೋಣಿಯ ದುಡಿಮೆಗೆಂದು ದೂರದ ಒಡಿಶಾದಿಂದ ಬಂದವನನ್ನು ಇಲ್ಲಿಯವರ ನಡುವೆ ನಿಲ್ಲಿಸಿದರೆ, ಆ ಸಾಲು ಸಾಕ್ಷಿಯ ಸ್ಮರಣೆಯನ್ನು ಪರೀಕ್ಷಿಸುವ ಬದಲು ಅವನಿಗೆ ಉತ್ತರವನ್ನೇ ಹೇಳಿಕೊಟ್ಟಂತಾಗುತ್ತದೆ. ಜೈಲಿನಲ್ಲಿ ತಿಂಗಳುಗಟ್ಟಲೆ ಕಳೆದು ಅಲ್ಲಿಯ ಜೀವನಕ್ಕೆ ಒಗ್ಗಿಹೋದ ಕೈದಿಗಳ ಮಧ್ಯೆ, ನಾಲ್ಕು ದಿನದ ಹಿಂದಷ್ಟೇ ಬಂದ, ನಿದ್ದೆಗೆಟ್ಟು ತುಟಿಯೊಣಗಿದ ಹೊಸಬನು ಬೇರೆಯಾಗಿ ಕಾಣುವುದಂತೂ ಸಹಜವೇ ಸರಿ. ದಂಡಾಧಿಕಾರಿಗಳು ದುರುದ್ದೇಶವುಳ್ಳವರೆಂದು ನಾನು ಹೇಳುತ್ತಿಲ್ಲ. ಕಂದಾಯ, ಚುನಾವಣೆ, ನೆರೆ ಪರಿಹಾರಗಳ ನಡುವೆ ಬಿಡುವು ಮಾಡಿಕೊಂಡು ಬಂದ ಅಧಿಕಾರಿಗೆ ಆರೋಪಿಯ ಹಿತವನ್ನೇ ಧ್ಯಾನಿಸುವ ಕಣ್ಣು ಇರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಆ ಕಣ್ಣು ವಕೀಲನದಾಗಿರಬೇಕು.

ಸಾಲಿಗಿಂತಲೂ ಮೊದಲೇ ನಡೆಯುವ ಕೇಡು ಇನ್ನೊಂದುಂಟು. ಬಂಧಿತನ ಮುಖಕ್ಕೆ ಮುಸುಕು ಹಾಕಿ ಕೋರ್ಟಿಗೆ ತರಬೇಕಾದುದು ಏತಕ್ಕೆಂದರೆ, ಪರೇಡಿಗೆ ಮುಂಚೆ ಸಾಕ್ಷಿಯು ಅವನನ್ನು ಕಂಡುಬಿಟ್ಟರೆ ಆಮೇಲಿನ ಗುರುತಿಸುವಿಕೆಗೆ ಬೆಲೆಯೇ ಇರದು. ಆದರೆ ಇಂದು ಠಾಣೆಯಲ್ಲಿ ತೆಗೆದ ಚಿತ್ರವು ಸಾಯಂಕಾಲದೊಳಗೆ ವಾಟ್ಸಾಪಿನಲ್ಲಿ ಊರೆಲ್ಲ ತಿರುಗಿ, ಮರುದಿನ ಮುಂಜಾನೆ ಪತ್ರಿಕೆಯಲ್ಲಿಯೂ ಅಚ್ಚಾಗುತ್ತದೆ. ಹಾಗಾದ ಮೇಲೆ ಸಾಕ್ಷಿ ಗುರುತಿಸುವುದು ಹೆದ್ದಾರಿಯಂಚಿನಲ್ಲಿ ಮುಸ್ಸಂಜೆಯ ಹೊತ್ತು ತನ್ನ ಸರ ಕಿತ್ತವನನ್ನೋ, ಮೊಬೈಲಿನಲ್ಲಿ ಕಂಡ ಚಿತ್ರದವನನ್ನೋ ಎಂಬುದನ್ನು ಸಾಕ್ಷಿಗೂ ಹೇಳಲಾಗದು. ಪತ್ರಿಕಾರಂಗದಲ್ಲಿರುವ ನಾವು ಈ ದೋಷದಲ್ಲಿ ಪಾಲುದಾರರೆಂಬುದನ್ನು ಮರೆಯತಕ್ಕದ್ದಲ್ಲ.

ಪ್ರಾಮಾಣಿಕನಾದ ಸಾಕ್ಷಿಯೇ ಅತ್ಯಂತ ಅಪಾಯಕಾರಿಯಾದ ತಪ್ಪು ಮಾಡಬಲ್ಲನೆಂಬುದಕ್ಕೆ ಇಂಗ್ಲೆಂಡಿನ ಅಡಾಲ್ಫ್ ಬೆಕ್ಕನ ವೃತ್ತಾಂತವು ಪ್ರಸಿದ್ಧವಾಗಿದೆ. ವಂಚನೆಗೊಳಗಾದ ಹಲವು ಮಂದಿ ಸ್ತ್ರೀಯರು ಒಬ್ಬರ ಹಿಂದೊಬ್ಬರಾಗಿ ಅವನನ್ನೇ ವಂಚಕನೆಂದು ಗುರುತಿಸಿದರು; 1896ರಲ್ಲಿ ಅವನಿಗೆ ಏಳು ವರ್ಷಗಳ ಶಿಕ್ಷೆಯಾಯಿತು. ಬಿಡುಗಡೆಯಾದ ಮೇಲೆ 1904ರಲ್ಲಿ ಮತ್ತೆ ಅದೇ ಬಗೆಯ ಆಪಾದನೆ, ಮತ್ತೆ ಅದೇ ಬಗೆಯ ಗುರುತಿಸುವಿಕೆ! ನಿಜವಾದ ವಂಚಕನು ಅಷ್ಟರಲ್ಲಿ ಸಿಕ್ಕಿಬೀಳದಿದ್ದರೆ ಬೆಕ್ಕನು ಎರಡನೆಯ ಶಿಕ್ಷೆಯನ್ನೂ ಅನುಭವಿಸಬೇಕಾಗುತ್ತಿತ್ತು. ಆ ಸ್ತ್ರೀಯರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ.

ನಮ್ಮ ಕಾನೂನು ಏನು ಹೇಳುತ್ತದೆ? ತನಗಿಷ್ಟವಾದ ವಕೀಲನೊಡನೆ ಸಮಾಲೋಚಿಸುವ ಹಕ್ಕನ್ನು ಸಂವಿಧಾನದ 22ನೆಯ ಅನುಚ್ಛೇದವು ಬಂಧಿತನಿಗೆ ಕೊಟ್ಟಿದೆ. ವಿಚಾರಣೆಯ ಉದ್ದಕ್ಕೂ ಅಲ್ಲದಿದ್ದರೂ ವಿಚಾರಣೆಯ ಕಾಲದಲ್ಲಿ ವಕೀಲನನ್ನು ಕಾಣುವ ಹಕ್ಕು ನಾಗರಿಕ ಸುರಕ್ಷಾ ಸಂಹಿತೆಯಲ್ಲಿದೆ. ಬಂಧಿತನನ್ನು ಮೊದಲು ಹಾಜರುಪಡಿಸಿದಾಗಲೇ ವಕೀಲನ ವಿಷಯವನ್ನು ಅವನಿಗೆ ತಿಳಿಸುವುದು ಮ್ಯಾಜಿಸ್ಟ್ರೇಟರ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ, ಇಡೀ ದೇಶವೇ ದ್ವೇಷಿಸಿದ ಕಸಬ್‌ನ ಮೊಕದ್ದಮೆಯಲ್ಲಿಯೂ, ವಿಧಿಸಿತು. ಆದರೆ ಪರೇಡಿನ ಹೊತ್ತಿನಲ್ಲಿ ವಕೀಲನಿರಬೇಕೆಂಬ ಮಾತು ಸಂಹಿತೆಯಲ್ಲಿ ಎಲ್ಲಿಯೂ ಇಲ್ಲ. ಪರೇಡು ಮೂಲಸಾಕ್ಷ್ಯವಲ್ಲ, ನ್ಯಾಯಾಲಯದಲ್ಲಿ ಸಾಕ್ಷಿ ಮಾಡುವ ಗುರುತಿಸುವಿಕೆಯೇ ಮೂಲಸಾಕ್ಷ್ಯ ಎಂಬ ಸಮಾಧಾನವನ್ನು ಹೇಳುವವರುಂಟು. ಆದರೆ ಒಮ್ಮೆ ಭುಜ ಮುಟ್ಟಿ ತೋರಿಸಿದವನು ವರ್ಷಗಳ ಮೇಲೆ ಕಟಕಟೆಯಲ್ಲಿ ನಿಂತ ಅದೇ ಮುಖವನ್ನು ಕಂಡು 'ಇವನಲ್ಲ' ಎನ್ನುವುದು ಎಷ್ಟು ವಿರಳ! ದಂಡಾಧಿಕಾರಿಯ ವರದಿಯನ್ನು, ಅವರು ಬಂದು ಸಾಕ್ಷ್ಯ ನುಡಿಯದಿದ್ದರೂ, ನ್ಯಾಯಾಲಯವು ಓದಿಕೊಳ್ಳಬಹುದೆಂಬ ಅವಕಾಶವನ್ನು 2005ರ ತಿದ್ದುಪಡಿ ಮಾಡಿಕೊಟ್ಟಿದೆ. ಇವೆಲ್ಲಕ್ಕೂ ಮಿಗಿಲಾಗಿ, 2023ರ ಆಗಸ್ಟಿನಲ್ಲಿ ಮುಕೇಶ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಆರೋಪಿಯು ಪರೇಡಿಗೆ ನಿಲ್ಲಲು ನಿರಾಕರಿಸುವಂತಿಲ್ಲವೆಂದು ತೀರ್ಮಾನಿಸಿದೆ. ನಿರಾಕರಿಸುವ ದಾರಿ ಮುಚ್ಚಿದ ಮೇಲೆ ಅವನಿಗುಳಿದಿರುವುದು ಆಕ್ಷೇಪಿಸುವ ದಾರಿಯೊಂದೇ. ಯಾವುದನ್ನು ಆಕ್ಷೇಪಿಸಬೇಕೆಂಬುದೇ ತಿಳಿಯದ ಬಡವನಿಗೆ, 'ನಿನ್ನದೇನಾದರೂ ತಕರಾರಿದೆಯೇ' ಎಂದು ಅಧಿಕಾರಿ ಕೇಳಿದಾಗ ತಲೆಯಾಡಿಸಿ ಹೆಬ್ಬೆಟ್ಟು ಒತ್ತುವುದರ ಹೊರತು ಬೇರೇನು ಸಾಧ್ಯ?

ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1967ರಲ್ಲಿ ವೇಡ್ ಎಂಬವನ ಮೊಕದ್ದಮೆಯಲ್ಲಿ ಇದೇ ಪ್ರಶ್ನೆಯನ್ನು ಎದುರಿಸಿತು. ಅವನಿಗೆ ವಕೀಲನನ್ನು ಆಗಲೇ ನೇಮಿಸಲಾಗಿತ್ತು. ಆದರೂ ಆ ವಕೀಲನಿಗೆ ತಿಳಿಸದೆ ಪರೇಡು ನಡೆಸಿದ್ದರು, ಮತ್ತು ಪರೇಡಿಗೆ ಮುಂಚೆಯೇ ಸಾಕ್ಷಿಗಳು ಅವನನ್ನು ಅಧಿಕಾರಿಯ ಪಕ್ಕದಲ್ಲಿ ಕಂಡಿದ್ದರು. ಪರೇಡಿನಲ್ಲಿ ನಡೆದುದನ್ನು ಆಮೇಲೆ ನ್ಯಾಯಾಲಯದಲ್ಲಿ ಪುನಃ ಕಟ್ಟಿ ತೋರಿಸುವುದು ಅಸಾಧ್ಯವಾದುದರಿಂದ ವಕೀಲನು ಅಲ್ಲಿಯೇ ಇರತಕ್ಕದ್ದೆಂದು ಆ ನ್ಯಾಯಾಲಯವು ಹೇಳಿತು. ಐದು ವರ್ಷಗಳ ಮೇಲೆ, ಈ ಹಕ್ಕು ವಿಧಿವತ್ತಾಗಿ ಆರೋಪ ಹೊರಿಸಿದ ಬಳಿಕವೇ ಲಭ್ಯವೆಂದು ಅದೇ ನ್ಯಾಯಾಲಯ ಮಿತಿ ಹಾಕಿತೆಂಬುದು ನಿಜ. ಆದರೆ ಮೊದಲು ಹೇಳಿದ ಕಾರಣವು ಆ ಮಿತಿಯಿಂದ ಸುಳ್ಳಾಗುವುದಿಲ್ಲ.

ಇದಕ್ಕೆ ಎದುರಾಗಿ ಹೇಳುವವರ ಮಾತಿನಲ್ಲಿ ನಾನು ಅತ್ಯಂತ ಗೌರವದಿಂದ ಕೇಳುವುದು ಸಾಕ್ಷಿಯ ಭಯವನ್ನು ಕುರಿತ ಮಾತನ್ನು. ಸರ ಕಳೆದುಕೊಂಡ ಮುದುಕಿಯೋ, ಅತ್ಯಾಚಾರಕ್ಕೊಳಗಾದ ಹೆಣ್ಣುಮಗಳೋ ಆರೋಪಿಯ ಕಡೆಯವನೊಬ್ಬನು ತನ್ನನ್ನೇ ದಿಟ್ಟಿಸಿ ನೋಡುತ್ತಿದ್ದಾನೆಂದು ನಡುಗಿದರೆ ನ್ಯಾಯವು ಇನ್ನೊಂದು ಬದಿಯಿಂದ ಕೆಡುವುದು. ಆದುದರಿಂದ ವಕೀಲನು ಸಾಕ್ಷಿಯೊಡನೆ ಮಾತಾಡತಕ್ಕದ್ದಲ್ಲ, ಅವಳ ದೃಷ್ಟಿಗೆ ಬೀಳುವಲ್ಲಿ ನಿಲ್ಲತಕ್ಕದ್ದೂ ಅಲ್ಲ. ಸಾಲನ್ನು ನೋಡಿ, ತಕರಾರಿದ್ದರೆ ಸಾಕ್ಷಿ ಒಳಗೆ ಬರುವುದಕ್ಕೆ ಮುಂಚೆಯೇ ಬರೆಯಿಸಿ, ಆಮೇಲೆ ಮೌನವಾಗಿರತಕ್ಕದ್ದು. ಅಂತಹ ವಕೀಲನಿಂದ ಪ್ರಾಮಾಣಿಕ ತನಿಖೆಗೆ ಬಲವೇ ಬರುವುದು, ಏಕೆಂದರೆ ಅವನ ಕಣ್ಣೆದುರು ನಡೆದ ಪರೇಡನ್ನು ಮುಂದೆ ಅವನೇ ಹಳಿಯುವುದು ಕಷ್ಟ.

ಈ ಕರಾವಳಿಗೆ ಈ ವಿಷಯವು ದೂರದ್ದಲ್ಲ. 1993ರಲ್ಲಿ ಭಟ್ಕಳವು ಕೋಮುಗಲಭೆಯಲ್ಲಿ ತಿಂಗಳುಗಟ್ಟಲೆ ಹೊತ್ತಿ ಉರಿಯಿತು. ಜಗನ್ನಾಥ ಶೆಟ್ಟಿ ಆಯೋಗವು ವಿಚಾರಣೆ ನಡೆಸಿತು. 2017ರ ಡಿಸೆಂಬರಿನಲ್ಲಿ ಹೊನ್ನಾವರದ ಯುವಕನೊಬ್ಬನ ಮರಣದ ಬೆನ್ನಿಗೆ ಕುಮಟಾದಲ್ಲಿ ಪೊಲೀಸ್ ಅಧಿಕಾರಿಯ ವಾಹನಕ್ಕೇ ಬೆಂಕಿ ಬಿದ್ದಿತು. ದೊಂಬಿಯಲ್ಲಿ ಯಾರಿದ್ದರು, ಯಾರು ಬರಿದೇ ನೋಡುತ್ತ ನಿಂತಿದ್ದರು ಎಂಬ ಪ್ರಶ್ನೆ ಗುರುತಿಸುವಿಕೆಯ ಪ್ರಶ್ನೆಯೇ ಆಗಿದೆ. ಗುಂಪಿನ ಅಪರಾಧಗಳಲ್ಲಿ ಎರಡು ಮೂರು ಸಾಕ್ಷಿಗಳಾದರೂ ಸುಸಂಗತವಾಗಿ ಗುರುತಿಸಬೇಕೆಂಬ ಅಳತೆಗೋಲನ್ನು ಸರ್ವೋಚ್ಚ ನ್ಯಾಯಾಲಯವು 1964ರ ಮಸಾಲ್ತಿ ಪ್ರಕರಣದಲ್ಲಿಯೇ ಒಪ್ಪಿಕೊಂಡಿತ್ತು. ತನ್ನ ಊರಿನ ಹೆಸರೇ ಸಂಶಯಕ್ಕೆ ಕಾರಣವಾಗುವ ನೋವು ಭಟ್ಕಳದವರಿಗೆ ಗೊತ್ತು. ಪೊಲೀಸ್ ವ್ಯಾನು ಓಣಿಗೆ ಬಂದ ರಾತ್ರಿಯ ಸಂಕಟವು ಹೊನ್ನಾವರ, ಕುಮಟಾಗಳ ಮನೆಗಳಿಗೂ ಗೊತ್ತು. ಎರಡೂ ಮತಗಳ ತಾಯಂದಿರು ಈ ಒಂದು ವಿಷಯದಲ್ಲಿ ಒಂದೇ ಬೇಡಿಕೆಯನ್ನಿಡಬಲ್ಲರು.

ಇದಕ್ಕೆ ಹೊಸ ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ಬಂಧಿತನು ಗುರುತಿಸುವಿಕೆಗೆ ಒಳಪಡಬೇಕೆಂದು ಆದೇಶಿಸುವಾಗ, ಅದು ಯಾವ ರೀತಿಯಲ್ಲಿ ನಡೆಯಬೇಕೆಂಬುದನ್ನು ನಿರ್ಧರಿಸುವ ಅಧಿಕಾರವನ್ನು ಸಂಹಿತೆಯ 54ನೆಯ ಕಲಮು ನ್ಯಾಯಾಲಯಕ್ಕೇ ಬಿಟ್ಟಿದೆ. ಭಟ್ಕಳ, ಹೊನ್ನಾವರ, ಕುಮಟಾಗಳ ಮ್ಯಾಜಿಸ್ಟ್ರೇಟರು ಪೊಲೀಸರ ಅರ್ಜಿಯ ಮೇಲೆ ಆದೇಶ ಬರೆಯುವಾಗ, ಪರೇಡಿನ ದಿನ, ಹೊತ್ತು, ಸ್ಥಳಗಳನ್ನು ಆರೋಪಿಯ ವಕೀಲನಿಗೆ, ವಕೀಲನಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ, ಮುಂಚಿತವಾಗಿ ತಿಳಿಸತಕ್ಕದ್ದೆಂದೂ, ಸಾಲಿನ ಛಾಯಾಚಿತ್ರವನ್ನು ವರದಿಗೆ ಲಗತ್ತಿಸತಕ್ಕದ್ದೆಂದೂ ಎರಡು ವಾಕ್ಯ ಸೇರಿಸಿದರೆ ಸಾಕು. ಭಟ್ಕಳದಿಂದ ಕಾರವಾರದ ಜೈಲಿಗೆ ನೂರು ಕಿಲೋಮೀಟರಿಗೂ ಮಿಕ್ಕ ದಾರಿಯಿರುವುದರಿಂದ, ಆ ತಿಳಿವಳಿಕೆಯು ವಕೀಲನಿಗೆ ಪರೇಡಿನ ಹಿಂದಿನ ದಿನವಾದರೂ ತಲುಪುವಂತಿರಬೇಕು, ಮತ್ತು ಬಡ ಆರೋಪಿಯ ಪರವಾಗಿ ಹೋಗುವ ವಕೀಲನ ಪ್ರಯಾಣವೆಚ್ಚವನ್ನು ಸಮಿತಿಯೇ ಭರಿಸಬೇಕು. ಈ ಮೂರೂ ಊರುಗಳ ವಕೀಲರ ಸಂಘಗಳು ಒಟ್ಟುಗೂಡಿ ಜಿಲ್ಲಾ ನ್ಯಾಯಾಧೀಶರಿಗೆ ಇಂತಹ ಮನವಿಯೊಂದನ್ನು ಸಲ್ಲಿಸಲು ಈ ತಿಂಗಳೇ ತಕ್ಕ ಕಾಲ.